ಕೆಂಪಿಗೆ ಕೆಂಪು ಸುರಿದದ್ದು

ಬೀದರ
ಮೇ ೧೪, ಬುಧವಾರ

ಪ್ರೀತಿಯ ಮಾಯಾ,

ನಿನ್ನ ಕಾಲಿನ ಉಳುಕು ಈಗ ಹೇಗಿದೆ? ಔರಾದಿನ ಈ ಬಿಸಿಲಲ್ಲಿ ಮಾಳಿಗೆ ಹತ್ತಿ ಇಳಿಯಬೇಡ. ಅಪ್ಪನ ಸಕ್ಕರೆ ಹತೋಟಿಯಲ್ಲಿದೆ, ಸಿಟ್ಟು ಮಾತ್ರ ಹತೋಟಿಯಲ್ಲಿಲ್ಲ. ನಾನು ಚೆನ್ನಾಗಿದ್ದೇನೆ; ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಎರಡು ಕವನ ಓದುತ್ತೇನೆ.

ಯಜಮಾನರ ವರ್ಗಾವಣೆಯೆಂದು ನೀನು ಔರಾದಿಗೆ ಹೋಗಿ ಎರಡು ವರ್ಷವಾಯಿತು. ಆದರೂ ನಮ್ಮ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಬರುವವರು ನನ್ನನ್ನು ಕಂಡ ಕೂಡಲೇ, "ಮಾಯಾಬಾಯಿ ಇಲ್ಲೇನ್ರಿ?" ಎಂದೇ ಕೇಳುತ್ತಾರೆ. ಅಪ್ಪನಂತೂ ನಾನು ಇಂಜಿನ್ ತಂಪಿಡುವ ಕೂಲೆಂಟಿನ ಡಬ್ಬಿಗೆ ಕೈ ಹಾಕಿದರೆ ಸಾಕು, ಗಾಡಿ ಯಾವ ಕಂಪನಿಯದು, ಯಾವ ವರ್ಷದ್ದು ಎಂದು ಕೇಳದೆ, ಗಾಡಿಯ ಜೊತೆ ಬರುವ ಬುಕ್ ನೋಡದೆ ಮಾಯಾ ಡಬ್ಬಿ ಮುಟ್ಟುತ್ತಿರಲಿಲ್ಲ ಎನ್ನುತ್ತಾನೆ. ಅದನ್ನು ಕೇಳಿ ಕೇಳಿ ನಾನು ಬುಕ್ ನೋಡುವುದನ್ನೇ ಬಿಟ್ಟೆ. ಹೋದ ತಿಂಗಳು ಭಾಲ್ಕಿಯ ವೀರಭದ್ರ ಕಾಕಾ ಬಂದಾಗ ಅವರ ಕಾರಿನ ಟ್ಯಾಂಕಿನಲ್ಲಿ ಕೆಂಪು ಕೂಲೆಂಟ್ ಕಡಿಮೆಯಾಗಿತ್ತು. ನಮ್ಮ ಕಪಾಟಿನಲ್ಲಿ ಮೂರು ಬಗೆಯ ಕೆಂಪು ಇದ್ದವು. ಕಾಕಾ ಬುಕ್ ತೆಗೆಯಲು ಹೋದರು, ಬೇಡ ಎಂದೆ. ಕೆಂಪಿಗೆ ಕೆಂಪು ಎಂದು ಕೈಗೆ ಸಿಕ್ಕಿದ್ದನ್ನು ಸುರಿದೆ. ಬಣ್ಣವನ್ನು ಒಂದೊಂದು ಕಂಪನಿ ಒಂದೊಂದು ರೀತಿ ಹಾಕುತ್ತದೆ, ಒಳಗಿನ ರಸಾಯನ ಬೇರೆಬೇರೆ ಎಂದು ನೀನು ಎಷ್ಟೋ ಸಲ ಹೇಳಿದ್ದೆ. ಹೇಳಿದವಳು ನೀನು ಎಂಬ ಕಾರಣಕ್ಕೇ ಅದನ್ನು ನೆನಪಿಡಲಿಲ್ಲ.

ಮೂರು ವಾರಕ್ಕೆ ಅವರ ಗಾಡಿ ಜನವಾಡದ ಹತ್ತಿರ ಕಾದು ನಿಂತಿತು. ಇಲ್ಲೇ ಬೀದರಿನಲ್ಲಿದ್ದ ನನಗಲ್ಲ, ಔರಾದಿನಲ್ಲಿದ್ದ ನಿನಗೆ ಫೋನ್ ಮಾಡಿದರು. "ಮುಚ್ಚಳ ಬಿಚ್ಚಬ್ಯಾಡ್ರಿ ಕಾಕಾ, ಮೊದಲ ಆರಲಿ. ಆಮ್ಯಾಲ ಪೂರ್ತಿ ತೆಗಿಸಿ ತೊಳಸ್ರಿ" ಎಂದೆಯಂತೆ. ಮೆಕ್ಯಾನಿಕ್ ಮುಬಶ್ಶೀರ ಬಿಚ್ಚಿದಾಗ ಒಳಗೆ ಎರಡು ಕೂಲೆಂಟ್ ಬೆರೆತು ಅಂಬಲಿಯಂಥ ರಾಡಿ ಕಟ್ಟಿತ್ತು. ಪುಣ್ಯಕ್ಕೆ ಇಂಜಿನ್ ಉಳಿಯಿತು. ಆಮೇಲೆ ನೀನು, "ಅಪ್ಪನ ಮುಂದ ಅಕ್ಕನ ಹೆಸರು ತೆಗಿಬ್ಯಾಡ್ರಿ" ಎಂದೂ ಹೇಳಿದೆಯಂತೆ. ಕಾಕಾ ಅದನ್ನು ಹೊಗಳಿ ಹೊಗಳಿ ನನಗೇ ಬಂದು ಹೇಳಿದರು. ನೀನು ನನ್ನನ್ನು ಬೈದಿದ್ದರೆ ಹಗುರಾಗುತ್ತಿತ್ತು. ಒಳ್ಳೆಯತನದಲ್ಲೂ ನನಗಿಂತ ಮುಂದೆ ಹೋಗಬೇಕಿತ್ತೇ? ಇಷ್ಟು ಕವನ ಓದಿದ ಮೇಲೂ ಈ ಹೊಟ್ಟೆಕಿಚ್ಚಿಗೆ ನನಗೊಂದು ಚೆಂದದ ಹೆಸರು ಸಿಕ್ಕಿಲ್ಲ.

ನಿಮ್ಮ ಅತ್ತೆಯವರಿಗೆ ಶರಣಾರ್ಥಿ. ಮಗಳಿಗೆ ಈ ದೊಡ್ಡವ್ವನ ಆಶೀರ್ವಾದ.

ನಿನ್ನ ಅಕ್ಕ,
ಸುಜಾತಾ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ, ನಿಧಾನಿಸಿದರೆ ಬರೆಯಲಾರೆ. ಭಾಲ್ಕಿಯಲ್ಲಿ ಎರಡನೇ ಅಂಗಡಿ ಇಟ್ಟು ನಿನ್ನ ಕೈಗೆ ಕೊಡಬೇಕೆಂದು ಅಪ್ಪ ಯುಗಾದಿಯಂದೇ ಹೇಳಿದ್ದ. ನಿನ್ನನ್ನು ಕೇಳುವ ಕೆಲಸ ನನಗೆ ವಹಿಸಿದ್ದ. ನಾನು ಕೇಳಲೇ ಇಲ್ಲ. "ಅಕಿ ಒಲ್ಲೆ ಅಂದಳಪ್ಪ" ಎಂದುಬಿಟ್ಟೆ. ಅವನು ನಿನ್ನೊಡನೆ ಮಾತು ಕಡಿಮೆ ಮಾಡಿದ್ದು ಅದಕ್ಕೇ. ಇವತ್ತು ಮುಂಜಾನೆ ನಿಜ ಹೇಳಿದೆ. ಮುಂದಿನ ವಾರ ಗುರುವಾರ ಅವನು ಜಾಗ ನೋಡಲು ಭಾಲ್ಕಿಗೆ ಹೋಗುತ್ತಾನೆ, ನೀನು ಮೊದಲ ಬಸ್ಸಿಗೇ ಅಲ್ಲಿಗೆ ಬಾ. ನಾನು ಬರುವುದಿಲ್ಲ. ನೀವಿಬ್ಬರೂ ಸೇರಿ ಅಂಗಡಿ ನೋಡುವುದನ್ನು ನಿಂತು ನೋಡುವಷ್ಟು ಒಳ್ಳೆಯವಳು ನಾನಿನ್ನೂ ಆಗಿಲ್ಲ.