ಗಾಳಿ ನುಗ್ಗದ ಮನೆ

ಡಿಸೆಂಬರ್ 28, ಬೆಳಗ್ಗೆ ಆರು

ಸಮಸ್ತರ ಸಮಕ್ಷಮದಲ್ಲಿ — ಅಂದರೆ ಈ ಡೈರಿ ಮತ್ತು ಗೋಡೆಯ ಮೇಲಿನ ಹಲ್ಲಿಯ ಸಮಕ್ಷಮದಲ್ಲಿ — ತಪ್ಪೊಪ್ಪಿಗೆ. ಸೀತಾರಾಮನೆಂಬ ನಾನು, ಮೈಸೂರಿನ ನಿವೃತ್ತ ಇಂಗ್ಲಿಷ್ ಅಧ್ಯಾಪಕ, ಸ್ವಸ್ಥಚಿತ್ತನಾಗಿ, ಯಾರ ಒತ್ತಾಯವೂ ಇಲ್ಲದೆ, ಬಡವರಿಗೆಂದು ಬಂದ ಕಂಬಳಿಗಳಲ್ಲಿ ಒಂದನ್ನು ಕದ್ದಿದ್ದೇನೆ. ಕಂದು ಬಣ್ಣ. ಚುಚ್ಚುತ್ತದೆ. ಕದ್ದ ಮಾಲು ಸದ್ಯ ಧರ್ಮಪತ್ನಿಯ ಪಾದಗಳ ಮೇಲಿದೆ. ಆಕೆ ನಿರಪರಾಧಿ. ನಿದ್ದೆಯಲ್ಲಿದ್ದಾಳೆ.

ಮಿಷನ್ನಿಗೆಂದು ಬಂದವನು ಕಮಿಷನ್ ಹೊಡೆದಂತಾಯಿತು.

ಆದರೆ ಏನು ಮಾಡಲಿ. ನಿದ್ದೆಯಲ್ಲೂ ಕೆಮ್ಮುತ್ತಾಳೆ. ಕೆಮ್ಮು ನಿಂತರೆ ಇನ್ನೂ ಭಯ — ಎದ್ದು ಹತ್ತಿರ ಹೋಗಿ ಉಸಿರು ಕೇಳುತ್ತೇನೆ. ಹೊರಡುವಾಗ ಮೈಸೂರಿನವರು ನಕ್ಕಿದ್ದರು: "ಮುಂಬಯಿಯಲ್ಲಿ ಚಳಿಯಾ? ಫ್ಯಾನ್ ತಗೊಂಡು ಹೋಗಿ ಮೇಷ್ಟ್ರೇ!" ಈ ಸಲದ ಚಳಿ ಮುಂಬಯಿಯವರಿಗೇ ಅರ್ಥವಾಗುತ್ತಿಲ್ಲ. ಬೆಳಗಾದರೆ ಚಾಳಿನವರೆಲ್ಲ ಮಂಕಿಕ್ಯಾಪ್. ಹಾಲಿನವನ ಮುಖ ನೋಡಿ ವಾರವಾಯಿತು. ಚಳಿಗಿಂತ ಹೊಗೆಮಂಜು ಕೆಟ್ಟದ್ದು... ಎದುರಿನ ಬಿಲ್ಡಿಂಗ್ ಕಾಣದು. ಉಸಿರೆಳೆದರೆ ಗಂಟಲಲ್ಲಿ ಸಿಮೆಂಟು.

ಮಿಷನ್ನಿನ ಭಾಷೆಯಲ್ಲಿ ನಾವು 'ಹಿರಿಯ ಸೇವಾದಂಪತಿ'. ನಿವೃತ್ತ ಗಂಡಹೆಂಡಿರನ್ನು ಒಂದು ಚಳಿಗಾಲದ ಮಟ್ಟಿಗೆ ಊರು ಬಿಡಿಸಿ ಕನ್ನಡದ ಕೂಲಿಕಾರರಿರುವ ಕಡೆ ಇಡುತ್ತಾರೆ. ನಮಗೆ ಬಂದದ್ದು ವಿಕ್ರೋಳಿಯ ಗುಡ್ಡದ ಇಳಿಜಾರು. ಬೆಳಗ್ಗೆ ಮನೆಮನೆ ಭೇಟಿ, ಸಂಜೆ ಪ್ರಾರ್ಥನೆ. ನಿಯಮ ಒಂದೇ — ಯಾವ ಮನೆಗೂ ಒಬ್ಬರೇ ಹೋಗಬಾರದು. ಗಂಡಹೆಂಡತಿ ಜೊತೆಗೇ. ವಿಮಲಾ ಮೂವತ್ತು ವರ್ಷ ನರ್ಸ್ ಆಗಿದ್ದವಳು; ಅವಳಿಗೆ ಅಲ್ಲಿ ಕೆಲಸವಿದೆ. ನಾನು ಅವಳ ಚೀಲ ಹಿಡಿಯುವ ಸೇವಾದಂಪತಿ.

ಡಿಸೆಂಬರ್ 30, ಮಧ್ಯಾಹ್ನ

ಮೇಲಿನ ಸಾಲಿನ ಕೊನೆಯ ಮನೆ. ನಾಲ್ಕೂ ಕಡೆ ತಗಡು. ಬಾಗಿಲಲ್ಲಿ ಇಂದ್ರಾಬಾಯಿ, ಸೊಂಟಕ್ಕೆ ಕೈ. ವಿಜಯಪುರದ ಕಡೆಯವರು. ಮಗ ಗುರುಪಾದ ಬಿಲ್ಡಿಂಗ್ ಕೆಲಸಕ್ಕೆ ಹೋಗುತ್ತಾನೆ.

"ಯಾರ್ರಿ ನೀವು?"

"ಮಿಷನ್ನವರಮ್ಮ" ಅಂದೆ ಗಂಭೀರವಾಗಿ.

"ಚಲೋ ಆತು. ನನ್ನ ಎರಡ ಕುಪ್ಪಸ ಹೊಲದ ಕೊಡ್ರಿ ಹಂಗಾರ."

ವಿಮಲಾ ನಕ್ಕು ನಕ್ಕು ಕೆಮ್ಮಿದಳು. ಹೊಲಿಗೆ ಮಿಷನ್ ಅಲ್ಲವೆಂದು ತಿಳಿಸುವಷ್ಟರಲ್ಲಿ ಮುದುಕಿ ಅವಳ ಕೈ ಹಿಡಿದು ಒಳಗೆ ಎಳೆದುಕೊಂಡಾಗಿತ್ತು. ನಾನು ಹಿಂದೆಯೇ ಕಾಲಿಟ್ಟೆ. "ಏ ಅಜ್ಜಾರ! ಬಾಣಂತಿ ಖೋಲಿ ಐತಿ. ಗಂಡಸರು ಹೊರಗ!" ಹೊರಗೇ ನಿಂತೆ, ಗಟಾರಕ್ಕೆ ಮುಖಮಾಡಿ. ನನ್ನ ಪಾಂಡಿತ್ಯಕ್ಕೆ ತಕ್ಕ ಸಭಾಂಗಣ.

ವಿಮಲಾ ಹೊರಬಂದು ಹೇಳಿದ್ದು: ಸೊಸೆ ಶಿವಕುಮಾರಿ, ಚೊಚ್ಚಲ ಹೆರಿಗೆ. ಹೆಣ್ಣುಮಗು, ತೂಕ ಕಡಿಮೆ. ತಗಡಿನ ಸಂದಿಗಳಲ್ಲಿ ಕೈ ತೂರುವಷ್ಟು ಗಾಳಿ. ಆಸ್ಪತ್ರೆಯಿಂದ ನಿನ್ನೆ ಬಂದಿದ್ದಾರೆ.

"ಬೆಚ್ಚಗೆ ಇಡಬೇಕು ರೀ ಆ ಕೂಸನ್ನ. ಮಿಷನ್ನಿನ ಟಾರ್ಪಾಲ್ ಬಂದ ತಕ್ಷಣ ಮೊದಲು ಇಲ್ಲಿಗೆ."

ಸರಿ ಅಂದೆ. ಅವಳ ತುಟಿ ನೀಲಿಯಾಗಿತ್ತು. ಅದನ್ನು ಮಾತ್ರ ಹೇಳಲಿಲ್ಲ.

ಜನವರಿ 2, ಸಂಜೆ

ವಿಮಲಾಗೆ ನೂರಾ ಎರಡು ಜ್ವರ. ತನ್ನ ಎದೆಗೆ ತಾನೇ ಸ್ಟೆತಸ್ಕೋಪ್ ಇಟ್ಟುಕೊಂಡು ಕೇಳಿದಳು. ಮುಖ ನೋಡಿದೆ, ಏನೂ ಗೊತ್ತಾಗಲಿಲ್ಲ. ನರ್ಸುಗಳಿಗೆ ಆ ಮುಖ ಕೆಲಸದ ಜೊತೆಗೇ ಕೊಡುತ್ತಾರೆ.

"ಬರೀ ಶೀತ" ಅಂದಳು.

"ಸೀತಾರಾಮನ ಹೆಂಡತಿಗೆ ಶೀತ ಬಾರದೆ ಇನ್ನೇನು" ಅಂದೆ. ನಗಲಿಲ್ಲ. ಈ ಜೋಕಿಗೆ ಅವಳು ನಗದಿದ್ದದ್ದು ಇದೇ ಮೊದಲು. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಸ್ವಲ್ಪ ಹೊತ್ತು ನಿಂತಿದ್ದೆ.

ಟಾರ್ಪಾಲುಗಳು ಬಂದವು. ಮಿಷನ್ನಿನ ಶಶಿಕಾಂತ ಫೋರ್ಟಿನ ಆಫೀಸಿನಿಂದ ಫೋನು: "ಕಾಕಾ, ಕಾಕೂಗ ಆರಾಮ ಆಗೂ ತನಕ ಮಾಲು ಖೋಲಿಯೊಳಗೇ ಇರಲಿ. ಅಕೇಲಾ ಹೋಗಬ್ಯಾಡ್ರಿ, ಪ್ಲೀಸ್. ರೂಲ್ ಅಂದ್ರ ರೂಲ್."

ಜನವರಿ 4, ಮಧ್ಯಾಹ್ನ

ಅಕೇಲಾ ಹೋದೆ.

ಎರಡು ದಿನದಿಂದ ಆ ಮಡಿಸಿಟ್ಟ ಟಾರ್ಪಾಲುಗಳನ್ನು ನೋಡುತ್ತಾ ಕೂತಿದ್ದೆ. ನೀಲಿ ಟಾರ್ಪಾಲು ಇಲ್ಲಿ, ಕೂಸು ಅಲ್ಲಿ. ವಿಮಲಾ ಮಾತ್ರೆ ನುಂಗಿ ಮಲಗಿದ್ದಳು. ಮೆಡಿಕಲ್ ಶಾಪಿಗೆ ಹೋಗಿ ಬರುತ್ತೇನೆ ಅಂದೆ.

ಗುರುಪಾದ ಇವತ್ತು ಕೆಲಸಕ್ಕೆ ಹೋಗಿರಲಿಲ್ಲ. ಇಬ್ಬರೂ ಸೇರಿ ಹೊರಗಿನಿಂದಲೇ ಕಟ್ಟಿದೆವು. ಸಂದಿ ಕಂಡಲ್ಲೆಲ್ಲ ಅಗಲದ ಟೇಪು. ಸೂರಿನ ಕೆಳಗೆ ಉದ್ದಕ್ಕೂ ಬಿಟ್ಟಿದ್ದ ಜಾಗವನ್ನು ಕೂಡ ನಾನೇ ಸ್ಟೂಲು ಹತ್ತಿ ಮುಚ್ಚಿದೆ. ಬಾಗಿಲಿಗೆ ದಪ್ಪ ಪರದೆ. ಒಳಗಿನಿಂದ ಲೋಬಾನದ ವಾಸನೆ, ತೊಟ್ಟಿಲ ಹಾಡಿನ ಗುನುಗು. ಒಳಗೆ ಇಣುಕಲಿಲ್ಲ, ಗಂಡಸು ನೋಡಿ.

"ಇನ್ನ ಸೊಳ್ಳಿ ಬರಬೇಕಂದ್ರೂ ಅಜ್ಜಾರ್ನ ಕೇಳಿ ಬರಬೇಕು" ಅಂದ ಗುರುಪಾದ.

ಇಂದ್ರಾಬಾಯಿ ಬಾಗಿಲಲ್ಲಿ ನನಗೆ ಲಟಿಕೆ ಮುರಿದು ದೃಷ್ಟಿ ತೆಗೆದಳು. ಇಳಿಜಾರು ಇಳಿಯುವಾಗ ಎದೆ ಉಬ್ಬಿತ್ತು. ಜೀವಮಾನವಿಡೀ ಅಲ್ಪವಿರಾಮ ಎಲ್ಲಿ ಹಾಕಬೇಕೆಂದು ಹೇಳಿಕೊಟ್ಟವನು, ಇವತ್ತು ಗಾಳಿಗೇ ಪೂರ್ಣವಿರಾಮ ಹಾಕಿ ಬಂದೆ.

ಜನವರಿ 5, ಬೆಳಗ್ಗೆ ಹನ್ನೊಂದು

ಹಾಲಿನ ಅಂಗಡಿಯಲ್ಲಿ ಗುರುಪಾದ ಸಿಕ್ಕ.

"ಮನಿ ಹೆಂಗೈತಪ್ಪಾ?"

"ಏಕದಂ ಬೆಚ್ಚಗ್ರಿ. ನಮ್ಮಾಕಿಗಿ ಅಷ್ಟ ತಲಿ ಹಿಡದೈತಿ, ಎರಡ ಸಲ ವಾಂತಿ ಮಾಡ್ಕೊಂಡ್ಳು. ಬಾಣಂತಿ ಅಲ್ರಿ, ಆಗತಾವು. ಕೂಸು ಮಾತ್ರ ಭಾಳ ಶಾಣ್ಯಾ. ಅಳೂದ ಬಿಟ್ಟೈತ್ರಿ. ಮಲಗಿದ್ದ ಮಲಗಿದ್ದು."

ಸಂತೋಷವಾಯಿತು. ಬೆಚ್ಚಗಿದ್ದರೆ ಮಕ್ಕಳು ಮಲಗುತ್ತವೆ. ಹೊರಡುವಾಗ ಅವನ ಕೈಚೀಲ ಕಂಡಿತು. ಇದ್ದಿಲು. ಯಾಕೆಂದು ಕೇಳಿದೆ.

"ಶೆಗಡಿಗ್ರಿ. ಐದನೇ ದಿನದ ಐದೇಶಿ ಆದಮ್ಯಾಲೆ ಬಾಣಂತೀನ ಕಾಸಬೇಕಲ್ರಿ. ಎರದ ಮ್ಯಾಲೆ ಹೊರಸಿನ ಬುಡಕ ಕೆಂಡ ಇಟ್ಟು ಮಲಗಸ್ತೇವ್ರಿ. ಮೊದ್ಲ ಗಾಳಿಗೆ ಕೆಂಡ ನಿಲ್ಲತಿದ್ದಿಲ್ಲ. ಈಗ ನೋಡ್ರಿ, ಭಾಳೊತ್ತು ಇರತೈತಿ."

ಮುಚ್ಚಿದ ಕೋಣೆ. ಇದ್ದಿಲು. ಇದ್ದಿಲಿನ ವಿಷಗಾಳಿಯ ಸುದ್ದಿ ಪೇಪರಿನಲ್ಲಿ ಓದಿದ್ದೇನೆ, ಪ್ರತಿ ಚಳಿಗಾಲ, ಉತ್ತರದ ಊರುಗಳಿಂದ ಬರುತ್ತದೆ, ಬೆಳಗ್ಗೆ ಬಾಗಿಲು ಒಡೆದು ನೋಡಿದರೆ...

ಅವನಿಗೆ ಹೇಳಬೇಕಿತ್ತು. "ಸ್ವಲ್ಪ ಬಾಗಿಲು ತೆಗೆದಿಡ್ರಪ್ಪ" ಅಂದೆ. ಅಷ್ಟೇ. ಅವನು ನಕ್ಕ: "ಥಂಡಿ ಹತ್ತತೈತ್ರಿ ಅಜ್ಜಾರ, ನೀವ ಮುಚ್ಚಿ ನೀವ ತಗಿ ಅಂತೀರಿ."

ಅದೇ ದಿನ, ಸಂಜೆ ಐದು

ವಿಮಲಾಗೆ ಹೇಳಿದರೆ ಐದು ನಿಮಿಷದ ಮಾತು. ಅವಳಿಗೆ ತಿಳಿಯುತ್ತದೆ ಏನು ಮಾಡಬೇಕೆಂದು. ಆದರೆ ನಾನು ಒಬ್ಬನೇ ಹೋದದ್ದು ಗೊತ್ತಾಗುತ್ತದೆ. ಸುಳ್ಳು ಹೇಳಿದ್ದು. ಸೂರಿನ ಸಂದಿ ಮುಚ್ಚಿದ್ದು ನನ್ನ ಕೈಯೇ ಎಂಬುದು. ಅವಳು ಬಂದಿದ್ದರೆ ಒಳಗೆ ಹೋಗುತ್ತಿದ್ದಳು, ಶೆಗಡಿ ನೋಡುತ್ತಿದ್ದಳು. ನಿಯಮ ಇದ್ದದ್ದೇ ಅದಕ್ಕೆ.

ಅವಳಿಗೆ ಜ್ವರ. ಜ್ವರದಲ್ಲಿ ಗಾಬರಿಪಡಿಸಬಾರದು — ಎಂಥ ಒಳ್ಳೆಯ ಕಾರಣ ಸಿಕ್ಕಿತು ನನಗೆ.

ಕಾಸುವುದು ಬೆಳಗ್ಗೆ, ಎರೆದ ಮೇಲೆ ಮಾತ್ರ. ಆದ್ದರಿಂದ ಈಗ ಭಯವಿಲ್ಲ. ನಾಳೆ ಬೆಳಗ್ಗೆ ಹೇಳುತ್ತೇನೆ. ಖಂಡಿತ.

 

ಜನವರಿ 8, ಬೆಳಗ್ಗೆ, ಆಸ್ಪತ್ರೆಯ ಬೆಂಚು

ಬದುಕಿದ್ದಾರೆ. ಮೊದಲು ಅದನ್ನು ಬರೆಯಬೇಕು. ಶಿವಕುಮಾರಿ ಬದುಕಿದ್ದಾಳೆ. ಇಂದ್ರಾಬಾಯಿ ಬದುಕಿದ್ದಾಳೆ, ನರ್ಸುಗಳ ಜೊತೆ ಜಗಳವನ್ನೂ ಶುರುಮಾಡಿದ್ದಾಳೆ. ಕೂಸಿಗೆ ಇನ್ನೂ ಆಕ್ಸಿಜನ್. ನಿನ್ನೆಯಿಂದ ಎರಡು ಸಲ ಅತ್ತಿದೆ. ಅಳು ಕೇಳಿ ಇಡೀ ಬೆಂಚು ಎದ್ದು ನಿಂತಿತು.

ಆರನೇ ತಾರೀಖು ನಡೆದದ್ದು. ಕಾಫಿ ಕೊಡುತ್ತಾ ವಿಮಲಾಗೆ ಹೇಳಿಬಿಟ್ಟೆ. ಅವಳು ಬೈಯಲಿಲ್ಲ. "ಎಷ್ಟೊತ್ತಿಗೆ ಎರೀತಾರೆ?" ಅಷ್ಟೇ ಕೇಳಿದ್ದು. ಲೋಟ ಕೆಳಗಿಟ್ಟು ಚಪ್ಪಲಿ ಹಾಕಿಕೊಂಡಳು. ಇಳಿಜಾರು ಹತ್ತಿದೆವು. ನಿಂತು ನಿಂತು ಕೆಮ್ಮಿದಳು, ಗೋಡೆ ಹಿಡಿದಳು. ಇವಳು ಇಲ್ಲೇ ಬೀಳುತ್ತಾಳೆ ಅಂದುಕೊಂಡೆ.

ಗುರುಪಾದ ಕೆಲಸಕ್ಕೆ ಹೋಗಿಯಾಗಿತ್ತು. ಪರದೆ ಮುಚ್ಚಿತ್ತು. ಕೂಗಿದರೆ ಉತ್ತರವಿಲ್ಲ. ಒಳಗೆ ಹಾಡೂ ಇಲ್ಲ.

ನುಗ್ಗಿದೆ. ಬಾಣಂತಿ ಕೋಣೆಯೋ ಮತ್ತೊಂದೋ — ನುಗ್ಗಿದೆ. ಕತ್ತಲೆ, ಲೋಬಾನದ ಹೊಗೆ, ಹೊರಸಿನ ಕೆಳಗೆ ಕೆಂಪು. ಮುದುಕಿ ಗೋಡೆಗೊರಗಿ ಬಾಯಿ ತೆರೆದಿದ್ದಾಳೆ. ಕೂಸನ್ನು ಬಾಚಿ ಎದೆಗವಚಿ ಹೊರಗೆ ಓಡಿದೆ. ಓಡಿ ಇಳಿಜಾರು ಇಳಿದೆ, ಒಳ್ಳೆಯ ಗಾಳಿ ಸಿಗಲಿ ಎಂದು. ವಿಮಲಾ ಕೂಗಿದ್ದಕ್ಕೆ ಅಕ್ಕಪಕ್ಕದ ಹೆಂಗಸರು ಬಂದು ಉಳಿದಿಬ್ಬರನ್ನು ಎಳೆದರು. ರಿಕ್ಷಾ, ಆಸ್ಪತ್ರೆ.

ಈ ವಯಸ್ಸಿನಲ್ಲಿ, ಆ ಇಳಿಜಾರಿನಲ್ಲಿ. ನನಗೇ ನಂಬಿಕೆಯಾಗುತ್ತಿಲ್ಲ. ಇಷ್ಟು ದಿನ ಭಯ ಭಯ ಎಂದು ಬರೆದುಕೊಂಡೆ. ಸಮಯ ಬಂದಾಗ ಕಾಲು ತಡವರಿಸಲಿಲ್ಲ.

ಜನವರಿ 13

ವಿಮಲಾಗೆ ಜ್ವರ ಇಳಿದಿದೆ. ಕೆಮ್ಮು ಇದೆ. ಬೆಳಗ್ಗೆಯಿಂದ ಬ್ಯಾಂಡೇಜು ಕತ್ತರಿ ಹಿಡಿದು ಮೇಲಿನ ಸಾಲಿನಲ್ಲಿ ಮನೆ ಮನೆ — ಟಾರ್ಪಾಲು ಕಟ್ಟಿದವರ ಸೂರಿನ ಕೆಳಗೆ ಒಂದು ಗೇಣು ಕತ್ತರಿಸಿ ಬಿಡುತ್ತಾಳೆ. ಶೆಗಡಿ ಬೇಕಾದರೆ ಬಾಗಿಲು ತೆರೆದು, ಇಲ್ಲದಿದ್ದರೆ ಬಿಸಿನೀರಿನ ಬಾಟ್ಲಿ. ನಾನು ಸ್ಟೂಲು ಹಿಡಿಯುತ್ತೇನೆ.

"ಯಾರ ಕಣ್ಣ ಬಿತ್ತೋ ಆ ಮನಿ ಮ್ಯಾಲೆ" ಅನ್ನುತ್ತಾರೆ ಹೆಂಗಸರು.

"ಕಣ್ಣಲ್ಲ ತಾಯಿ, ಟಾರ್ಪಾಲ್ ಮತ್ತೆ ಇದ್ದಿಲು" ವಿಮಲಾ ಪ್ರತಿ ಮನೆಯಲ್ಲೂ ಹೇಳುತ್ತಾಳೆ. ಕಟ್ಟಿದ್ದು ಯಾರೆಂದು ಹೇಳುವುದಿಲ್ಲ. ಅವರಿಗೆ ಗೊತ್ತು. ಒಬ್ಬರೂ ನನ್ನನ್ನು ಬೈಯುತ್ತಿಲ್ಲ.

"ನಾ ಕಣ್ಣಾರೆ ನೋಡೀನ್ರಿ" ಎದುರು ಮನೆಯ ಹಾಲವ್ವ ಸಾರುತ್ತಿದ್ದಾಳೆ. "ಅಜ್ಜಾರು ಕೂಸಿನ ಎದಿಗಿ ಅಪ್ಪಿಕೊಂಡು ಓಡಿದ್ದೇ ಓಡಿದ್ದು! ಹರೇದವರು ಓಡಂಗಿಲ್ರಿ ಹಂಗ!"

ವಿಮಲಾ ಸ್ಟೂಲಿನ ಮೇಲಿನಿಂದ ಒಮ್ಮೆ ಕೆಳಗೆ ನೋಡಿದಳು. ಮತ್ತೆ ಕತ್ತರಿಸತೊಡಗಿದಳು.

ಜನವರಿ 19, ಸಂಜೆ

ದಾದರ್‌ನಲ್ಲಿ ಮಿಷನ್ನಿನ ಸಭೆ. ಶಾಲು, ಹಾರ, ಮೈಕು. ಶಶಿಕಾಂತ ಮುಂಚೆ ಗದರಿದ — "ರೂಲ್ ಮುರದ್ರಲ್ಲ ಕಾಕಾ!" — ಆಮೇಲೆ ಅಪ್ಪಿಕೊಂಡ. ಮಾತಾಡಲು ಹೇಳಿದರು. ತಪ್ಪು ನನ್ನದೇ ಎಂದು ವಿನಯದಿಂದ ಶುರುಮಾಡಿದೆ, ಟೇಪು, ಸೂರು ಎಲ್ಲ ಹೇಳಿದೆ. ನಂತರ ನುಗ್ಗಿದ್ದು, ಓಡಿದ್ದು. ತಪ್ಪನ್ನು ಒಪ್ಪಿಕೊಂಡವನ ಸಾಹಸಕ್ಕೆ ಚಪ್ಪಾಳೆ ಜಾಸ್ತಿ ಬೀಳುತ್ತದೆ. ಗುರುಪಾದ ಕೊನೆಯ ಸಾಲಿನಲ್ಲಿ ಕೈಮುಗಿದು ನಿಂತಿದ್ದ.

ವಾಪಸು ಲೋಕಲ್‌ನಲ್ಲಿ ವಿಮಲಾ ಕಿಟಕಿಯ ಕಡೆ. ಕುರ್ಲಾ ದಾಟಿತು. ಘಾಟ್ಕೋಪರ್ ದಾಟಿತು.

"ಹೇಗಿತ್ತು ಭಾಷಣ?"

"ಚೆನ್ನಾಗಿತ್ತು ರೀ. ಇಂಗ್ಲಿಷ್ ಸ್ವಲ್ಪ ಜಾಸ್ತಿ."

ಅಷ್ಟೇ.

ಜನವರಿ 20, ಮಧ್ಯಾಹ್ನ

ಇಂದ್ರಾಬಾಯಿ ಬಂದಿದ್ದಳು. ಕೂಸು, ಸೊಸೆ, ಎಲ್ಲ ಮನೆಗೆ ಬಂದಿದ್ದಾರೆ. ನಾಳೆ ತೊಟ್ಟಿಲು.

"ಹೆಸರು ಸೀತಾ ಅಂತ ಇಡತೇವ್ರಿ ಅಜ್ಜಾರ. ನಿಮ್ಮದ. ನೀವು ಎತ್ತಿದ್ದಿಲ್ಲ ಅಂದ್ರ ಹೆಸರಿಡಾಕ ಕೂಸ ಎಲ್ಲಿರತಿತ್ತು? ನೀವು ಬಂದು ಕಿವ್ಯಾಗ ಹೇಳಬೇಕು ನೋಡ್ರಿ. ಖೋಲಿ ಒಳಗ ಬರ್ರಿ, ನಿಮಗ ಯಾರೂ ಅಡ್ಡ ಇಲ್ಲ."

ವಿಮಲಾ ಅವಳಿಗೆ ಚಹಾ ಕೊಟ್ಟಳು. ನನ್ನನ್ನು ನೋಡಲಿಲ್ಲ. ಮುದುಕಿ ಹೋದ ಮೇಲೆ ಲೋಟ ತೊಳೆಯುತ್ತಾ, ಬೆನ್ನು ಹಾಕಿಕೊಂಡೇ, "ಒಳ್ಳೆ ಹೆಸರು" ಅಂದಳು. ಅಣಕವಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆ ಮಗು ಬದುಕಿದಷ್ಟು ದಿನ ಜನ ಅದನ್ನು ಕೂಗಿದಾಗಲೆಲ್ಲ... ಆಗುವುದಿಲ್ಲ. ನಾಳೆ ಆ ಬಾಗಿಲಲ್ಲಿ ನಿಂತು ಹೇಳಬೇಕು, ವಿಮಲಾ ಅಂತ ಇಡಿ ಎಂದು. ಯಾಕೆ ಅಂತ ಕೇಳುತ್ತಾರೆ. ಹೇಳಬೇಕು. ಬಾಯಿ ಬರುತ್ತದೋ ಇಲ್ಲವೋ, ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಆರನೇ ತಾರೀಖು ಮೊದಲು ಒಳಗೆ ಹೋದದ್ದು ವಿಮಲಾ. ನಾನು ಪರದೆಯ ಹತ್ತಿರ ನಿಂತುಬಿಟ್ಟೆ. "ಬನ್ನಿ ರೀ" ಎಂದು ಕೂಗಿದಳು. ಕಣ್ಣು ಮುಚ್ಚಿಕೊಂಡು ಒಳಗೆ ಕೈ ಚಾಚಿದೆ, ಮೂಲೆಯಲ್ಲಿ ಮೆತ್ತಗಿನ ಬಟ್ಟೆ ಸುತ್ತಿದ ಗಂಟು, ಬೆಚ್ಚಗಿತ್ತು, ಎತ್ತಿಕೊಂಡು ಓಡಿದೆ. ನನ್ನ ಹಿಂದೆ ಅವಳು ಕೂಸನ್ನು ಹೊರಗೆ ತಂದು ಮೂಗಿಗೆ ಬಾಯಿಟ್ಟು ಉಸಿರು ಊದುತ್ತಿದ್ದಳು, ಆ ಎದೆಯಲ್ಲಿ, ಆ ಕೆಮ್ಮಿನಲ್ಲಿ. ನನಗೆ ಗೊತ್ತಿರಲಿಲ್ಲ; ನಾನು ಓಡಿದ್ದನ್ನು ಕಂಡವರು ಆಮೇಲೆ ನಾನೇ ಕೂಸನ್ನು ತಂದು ಅವಳ ಕೈಗಿತ್ತೆನೆಂದುಕೊಂಡರು, ಅವಳು ತಿದ್ದಲಿಲ್ಲ. ನಾನು ಕೆಳಗಿನ ನಲ್ಲಿಯವರೆಗೂ ಓಡಿದೆ, ಮುಖಕ್ಕೆ ಗಾಳಿ ಬಡಿಯಲೆಂದು ಬಟ್ಟೆ ಸರಿಸಿದೆ, "ಹೆದರಬೇಡ ಪುಟ್ಟಿ, ತಾತ ಇದ್ದೀನಿ, ಉಸಿರಾಡು" ಅನ್ನುತ್ತಲೇ ಇದ್ದೆ — ಆಗಷ್ಟೇ ಸುಟ್ಟಿಟ್ಟಿದ್ದ ಜೋಳದ ರೊಟ್ಟಿಗಳಿಗೆ. ಹತ್ತೋ ಹನ್ನೆರಡೋ ಇದ್ದವು. ಒಂದೂ ಮುರಿದಿರಲಿಲ್ಲ.