ನಿನ್ನ ಹೆಸರಿನ ಫೋಲ್ಡರ್

ಲೋಹಿತ,

ಎಲ್ಲಿದ್ದೀಯೋ ಗೊತ್ತಿಲ್ಲ, ಈ ಕಾಗದವನ್ನು ಎಲ್ಲಿಗೆ ಹಾಕಲಿ? ಆದರೂ ಬರೆಯುತ್ತಿದ್ದೇನೆ.

ಪಾಸ್‌ವರ್ಡ್ ಗೊತ್ತಿಲ್ಲದೆ ನಿನ್ನ ಕಂಪ್ಯೂಟರ್ ಹಾಗೇ ಬಿದ್ದಿತ್ತು. ಇವತ್ತು ಅದರ ಹಾರ್ಡ್ ಡಿಸ್ಕ್ ಬಿಚ್ಚಿ, ಸವಣೂರಿನಲ್ಲಿ ಕೊಂಡ ಕೇಬಲ್‌ನಿಂದ ನನ್ನ ಹೊಸ ಕಂಪ್ಯೂಟರಿಗೆ ಜೋಡಿಸಿದೆ. ಠಾಣೆಗೆ ಕೊಟ್ಟ ಫೋಟೊದಲ್ಲಿ ನಿನ್ನ ಮುಖ ಸರಿಯಾಗಿ ಕಾಣುವುದಿಲ್ಲ. ಬೇರೆ ಸಿಕ್ಕೀತು ಎಂದುಕೊಂಡೆ.

ನಿನ್ನ ಹೆಸರಿನ ಫೋಲ್ಡರ್ ಒತ್ತಿದರೆ, ತೆರೆಯಲು ನಿಮಗೆ ಅನುಮತಿ ಇಲ್ಲ, ಮುಂದುವರಿದರೆ ಕಾಯಂ ಅನುಮತಿ ಸಿಗುತ್ತದೆ ಎಂದು ಬಂತು. ಅವ್ವನಿಗೆ ಓದಿ ಹೇಳಿದೆ.

"ಅವನ್ನ ಕೇಳದ ಒತ್ತಬ್ಯಾಡ," ಅಂದಳು.

"ಎಲ್ಲಿ ಅಂತ ಕೇಳ್ಲಿಬೇ?"

ನಾನು ಒತ್ತಿಬಿಟ್ಟೆ. ಹಸಿರು ಗೆರೆ ಮೆಲ್ಲಗೆ ತುಂಬತೊಡಗಿತು. ಅವ್ವ ಕುರ್ಚಿಯ ಹಿಂದೆ ಬಂದು ನಿಂತು, "ಹೂಂ ಅಂದನೇನು?" ಎಂದು ಕೇಳಿದಳು.

ಫೋಲ್ಡರ್ ತೆರೆದಿತ್ತು. ಒಳಗೆ ಏನೂ ಇರಲಿಲ್ಲ. ಫೋಟೊ, ಹಾಡು, ಕಾಲೇಜಿನ ಪ್ರಾಜೆಕ್ಟ್, ಒಂದೂ ಇಲ್ಲ. ಸಂಜೆ ಬರ್ತೇನಿ ಎಂದು ಯಲವಿಗಿಯಲ್ಲಿ ರೈಲು ಹತ್ತಿದವನು ಇದನ್ನೆಲ್ಲ ಯಾವಾಗ ಅಳಿಸಿದೆ? ನಿನಗೇನೋ ಆಗಿದೆ ಎಂದೇ ಇಷ್ಟು ದಿನ ಹುಡುಕಿದೆವು. ಹುಡುಕಬಾರದಿತ್ತೇ? ಇಲ್ಲಾ ಡಿಸ್ಕೇ ಕೆಟ್ಟಿದೆಯೋ? ನನಗೆ ತಿಳಿಯುತ್ತಿಲ್ಲ.

"ಇನ್ನೂ ಇಲ್ಲಬೇ," ಅಂದೆ.

ಅವ್ವನ ಮುಖ ಅರಳಿತು. "ಹೂಂ ಅಂತಾನ, ತಡಿ. ನೀ ಹೋಗಿ ಉಣ್ಣು, ನಾ ನೋಡ್ತೇನಿ," ಎಂದು ಆ ಖಾಲಿ ಫೋಲ್ಡರಿನ ಮುಂದೆ ಕುಳಿತಳು.

ಇನ್ನೂ ಎದ್ದಿಲ್ಲ. ಹೋಗಿ ಏನು ಹೇಳಲಿ, ತಮ್ಮಾ?

ನಿನ್ನ ಅಕ್ಕ,
ಸಂಘಮಿತ್ರಾ