ಗುರುತುಮಾತು ಬಿಟ್ಟುಕೊಟ್ಟವಳು

ಬೆಟಗೇರಿ,
ಮೂರನೆಯ ಮೌನ ಕಳೆದ ನಲವತ್ತನೇ ವರ್ಷ, ಉತ್ತರಿ ಮಳೆ, ಹಿರಿಯರ ಅಮಾವಾಸ್ಯೆ

ಹಿರಿಯವ್ವ ನೀಲಗಂಗವ್ವನವರಿಗೆ, ನಿಮ್ಮ ವಂಶದ ಆರನೇ ತಲೆಮಾರಿನ ಚನ್ನಬಸವ್ವನ ಶರಣು.

ಮೇಲೆ ಬರೆದ ತಾರೀಖು ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕಾಣುತ್ತವೆ. ಅದಕ್ಕೆ ಕ್ಷಮೆ ಇರಲಿ. ನಾನು ಹೈಸ್ಕೂಲಿನವರೆಗೆ ಓದಿದವಳು, ಬಳಸಿ ಬರೆಯಲು ಬರುವುದಿಲ್ಲ. ಹೊಸ ಮಾತು ಬಂದಲ್ಲಿ ಬಿಡಿಸಿ ಹೇಳುತ್ತೇನೆ. ನೀವು ಇದನ್ನು ಓದುವ ದಿನ ನಿಮಗೆ ನನ್ನ ಸೊಸೆಯ ವಯಸ್ಸು. ಆದರೂ ಹಿರಿಯರು ಹಿರಿಯರೇ.

ಹಿರಿಯರ ಅಮಾವಾಸ್ಯೆಯಂದು ಎಡೆಯ ಪಕ್ಕದಲ್ಲಿ ಹಿರಿಯರಿಗೊಂದು ಕಾಗದ ಬರೆದಿಡುವುದು ನಮ್ಮ ಮನೆಯ ಪದ್ಧತಿ. ಪ್ರತಿ ವರ್ಷ ಎರಡು ಸಾಲು: ಎಲ್ಲರೂ ಕ್ಷೇಮ, ಮಳೆ ಹೀಗೆ ಹೀಗೆ. ಈ ವರ್ಷ ಹಾಗಲ್ಲ. ಆಷಾಢದಿಂದ ನನ್ನೊಡನೆ ಮಾತು ಬಿಟ್ಟಿದ್ದ ಸೊಸೆ ಶಿವಲೀಲಾ ನಿನ್ನೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. “ಆ ನೀಲಗಂಗವ್ವಗ ಬರೀರಿ. ಸಹಿ ಮಾಡಬ್ಯಾಡ್ರಿ ಅಂತ ಬರೀರಿ” ಎಂದಳು. ಅಷ್ಟೇ ಹೇಳಿ ಒಳಗೆ ಹೋದಳು.

ಯಾವ ಸಹಿ ಎಂದು ನಿಮಗೆ ಗೊತ್ತು. ನಿಮ್ಮ ಮಗಳು ವಿದ್ಯಾಶ್ರೀಯನ್ನು ಒಂದು ಕಂಪನಿ ಕರೆದಿದೆ. ತಿಂಗಳಿಗೆ ಸಂಬಳ ಕೊಡುತ್ತಾರಂತೆ, ಕೆಲಸವನ್ನೂ ಮಾಡಿಸುತ್ತಾರಂತೆ, ಅದರ ಜೊತೆಗೇ ಸೈಬರ್ ಸೆಕ್ಯುರಿಟಿ ಡಿಗ್ರಿಯನ್ನೂ ಓದಿಸುತ್ತಾರಂತೆ. ನಿಮ್ಮ ಮೈದುನ ಜಗಲಿಯಲ್ಲಿ ಕುಳಿತು ನಕ್ಕಿದ್ದು ನಮ್ಮ ಮನೆಯಲ್ಲಿ ಇಂದಿಗೂ ಕಥೆ. “ಓದಿಸಾಕ ನಾವು ರೊಕ್ಕ ಕೊಡಬೇಕು. ಅವರ ಕೊಡ್ತಾರಂದ್ರ ಅದ ಮೊದಲನೇ ಮೋಸ. ಮೋಸ ಹಿಡಿಯೂದು ಕಲಿಯಾಕ ಹೊಂಟಾಕಿನ್ನ ಮೋಸ ಮಾಡೇ ಕರಕೊಂಡು ಹೊಂಟಾರ.” ನೀವು ಸಹಿ ಮಾಡಬೇಕಿದ್ದ ಒಪ್ಪಿಗೆಯ ಕಾಗದವನ್ನು ಜೋಳದ ಡಬ್ಬಿಯ ಕೆಳಗಿಟ್ಟಿರಿ. ಅದು ಇನ್ನೂ ಅಲ್ಲೇ ಇರುವಾಗ ಈ ಪತ್ರ ನಿಮಗೆ ಮುಟ್ಟಲಿ ಎಂದು ಬರೆಯುತ್ತಿದ್ದೇನೆ.

ವಿದ್ಯಾಶ್ರೀಯ ನಂತರ ನಮ್ಮ ಮನೆಯಲ್ಲಿ ತಲೆಮಾರಿಗೊಬ್ಬರು ಆ ಕೆಲಸಕ್ಕೆ ಹೋಗಿದ್ದಾರೆ. ಈಗ ಅದನ್ನು ಕೂಲಿಕಲಿಕೆ ಎನ್ನುತ್ತೇವೆ. ನಾಲ್ಕು ವರ್ಷ, ಅರ್ಧ ದಿನ ಕಾವಲು, ಅರ್ಧ ದಿನ ಪಾಠ, ಕೊನೆಗೆ ಪದವಿ. ಕಪ್ಪತಗುಡ್ಡದ ಮೇಲೆ ಈಗ ಸಾಲುಸಾಲಾಗಿ ಗಾಳಿಗಂಬಗಳಿವೆ. ಈ ಸೀಮೆಯ ದೀಪ, ನೀರು, ಆಸ್ಪತ್ರೆ ಎಲ್ಲ ಅವುಗಳಿಂದಲೇ ನಡೆಯುತ್ತವೆ. ಅವುಗಳ ತಂತಿಯೊಳಗೆ ಕಳ್ಳರು ನುಗ್ಗದಂತೆ ನೋಡಿಕೊಳ್ಳುವವರು ಗುಡ್ಡದ ಕಾವಲುಮನೆಯವರು.

ನಮ್ಮ ಕಾಲದ ದೊಡ್ಡ ಕಳ್ಳ ಕಳ್ಳದನಿ. ಯಾರ ದನಿಯನ್ನು ಬೇಕಾದರೂ ಕದ್ದು, ಅವರಂತೆಯೇ ಅತ್ತು, ಅವರಂತೆಯೇ ನಕ್ಕು ಮಾತಾಡುತ್ತದೆ. ನಿಮ್ಮ ಕಾಲದಲ್ಲೂ ಅದರ ಮರಿಗಳು ಹುಟ್ಟಿರಬೇಕು. ಮೌನ ಎಂದರೆ, ಯಾವ ದನಿಯನ್ನೂ ನಂಬಲಾಗದೆ ನಾಡಿನ ತಂತಿಗಳನ್ನೆಲ್ಲ ಮುಚ್ಚಿದ ವರ್ಷ. ಅಂಥವು ಮೂರು ಕಳೆದಿವೆ. ಅಂದಿನಿಂದ ನಾವು ನಡೆಯುವುದನ್ನು ಮತ್ತೆ ಕಲಿತೆವು. ಹೆಣ್ಣು ಕೇಳಲು, ಸಾಲ ಕೇಳಲು, ಸತ್ತ ಸುದ್ದಿ ಹೇಳಲು ಜನ ಎದುರಿಗೇ ಬರುತ್ತಾರೆ. ಬಾಗಿಲ ಪಕ್ಕದ ಗೂಟಕ್ಕೆ ದೂರಗಿವಿ ಎಂಬುದೊಂದು ತೂಗುತ್ತಿರುತ್ತದೆ, ನಿಮ್ಮ ಫೋನಿನ ಮೊಮ್ಮಗ. ಅದರಲ್ಲಿ ಯಾರು ಕರೆದರೂ ಮನೆಯ ಹಿರಿಯಳು ಮೊದಲು ಗುರುತುಮಾತು ಕೇಳುತ್ತಾಳೆ. ಅದು ಮನೆಮನೆಗೆ ಬೇರೆ, ಮನೆಯವರಿಗಷ್ಟೇ ಗೊತ್ತಿರುವ ಮಾತು. ಹೇಳದಿದ್ದರೆ ಹೆತ್ತ ಮಗನಾದರೂ ಪರಕೀಯ. ಆ ಮಾತನ್ನು ಬರೆದಿಡುವಂತಿಲ್ಲ. ಬೀಸುಕಲ್ಲು ತಿರುಗಿಸುತ್ತಾ, ಆ ಸದ್ದಿನ ಮರೆಯಲ್ಲಿ ಕಿವಿಯಿಂದ ಕಿವಿಗೆ ದಾಟಿಸುತ್ತೇವೆ, ಗೋಡೆಗೂ ಕೇಳಬಾರದೆಂದು. ನಮ್ಮಲ್ಲಿ ಬೀಸುಕಲ್ಲು ಉಳಿದಿರುವುದು ಹಿಟ್ಟಿಗಾಗಿ ಅಲ್ಲ.

ಕೂಲಿಕಲಿಕೆಗೆ ಸೇರುವವರಿಗೆ ಒಂದು ಕಟ್ಟಳೆ ಇದೆ. ಊರಿನ ಬೀಗಗಳನ್ನೆಲ್ಲ ಬಲ್ಲವರ ಹತ್ತಿರ ತಮ್ಮ ಮನೆಯ ಗುರುತುಮಾತು ಇರಬಾರದು. ಇದ್ದರೆ, ಕಳ್ಳ ಅವರ ಮೂಲಕ ಮನೆಯನ್ನೂ, ಮನೆಯವರ ಮೂಲಕ ಅವರನ್ನೂ ಹಿಡಿಯುತ್ತಾನೆ. ಹಾಗಾಗಿ ಅವರು ಸೇರುವ ದಿನ ಮನೆಯವರು ಹೊಸ ಮಾತು ಕಟ್ಟಿಕೊಳ್ಳಬೇಕು. ನನ್ನ ಮೊಮ್ಮಗಳು ಕಸ್ತೂರಿ ಸೇರಿದ ದಿನ ನಾವು ಒಳಗೆ ಬೀಸುತ್ತಿದ್ದೆವು, ಅವಳು ಬೀದಿಯ ಬೇವಿನ ಕೆಳಗೆ ಒಬ್ಬಳೇ ನಿಂತಿದ್ದಳು. ಶಿವಲೀಲಾ ಕಣ್ಣೊರೆಸಿಕೊಳ್ಳುತ್ತಾ ಕಲ್ಲು ತಿರುಗಿಸುತ್ತಿದ್ದಳು. ಹೊರಗಿನಿಂದ ಕಸ್ತೂರಿ ಓಣಿಗೆಲ್ಲ ಕೇಳುವಂತೆ ಕೂಗಿದಳು: “ಜ್ವಾಳ ಸಣ್ಣಗ ಬೀಸ್ರಿ. ಮಾತು ಕೊಡದಿದ್ರ ಹೋಗ್ಲಿ, ಸಂಜೀಕ ರೊಟ್ಟಿಯಾದ್ರೂ ಕೊಡ್ರಿ.” ಎದುರು ಮನೆಯವರು ನಕ್ಕರು. ನಾನು ನಗಲಿಲ್ಲ. ಹಿಟ್ಟಿನ ಕೈಯಲ್ಲೇ ಅವಳನ್ನು ಒಳಗೆ ಕರೆದು ಉಣ್ಣಲಿಕ್ಕೆ ಹಾಕಿದೆ.

ಮೊದಲ ಕೂಲಿಯಲ್ಲಿ ಅವಳು ನನಗೆ ಗಿಳಿಹಸಿರು ಸೀರೆ ತಂದಳು. ವಿಧವೆ ಅಜ್ಜಿಗೆ ಇಂಥ ಬಣ್ಣ ತರುವ ಬುದ್ಧಿಗೆ ಪದವಿ ಯಾರು ಕೊಡುತ್ತಾರೆ ಎಂದು ಬೈದೆ. ರಜೆಗೆ ಬಂದಾಗಲೆಲ್ಲ ಅಡುಗೆಮನೆಯಲ್ಲಿ ಕುಳಿತು ನನಗೇ ಪಾಠ ಹೇಳುತ್ತಿದ್ದಳು. ಗುಡ್ಡದ ಗುಟ್ಟುಗಳನ್ನಲ್ಲ, ಅವನ್ನು ನಾನೂ ಕೇಳಲಿಲ್ಲ. ಮನೆ ಕಾಯುವ ಪಾಠ. “ಕಳ್ಳದನಿ ಅಳತೈತಿ, ಅವಸರ ಮಾಡತೈತಿ, ಕೈ ಮುಗೀತೈತಿ. ಒಂದ ಮಾತು ಮಾತ್ರ ಅನ್ನೂದಿಲ್ಲ ಆಯಿ, ಇಡು ಅನ್ನೂದಿಲ್ಲ. ನೀ ಇಟ್ರ ಅದರ ಹೊಟ್ಟಿ ಮ್ಯಾಲ ಹೊಡದಂಗ.” ದೂರಗಿವಿಯನ್ನು ಒಮ್ಮೆ ಇಟ್ಟ ಮೇಲೆ ಮರಳಿ ಎತ್ತಬಾರದು ಎಂದೂ ಅವಳೇ ಕಲಿಸಿದಳು.

ನಾಲ್ಕನೇ ವರ್ಷ ಕೊನೆಯ ಪರೀಕ್ಷೆ ಮುಗಿದಿತ್ತು, ಫಲಿತಾಂಶ ಬಂದಿರಲಿಲ್ಲ. ಆಷಾಢದ ಗಾಳಿ ಜೋರಾಗಿ ಬೀಸುತ್ತಿದ್ದ ಒಂದು ಮಧ್ಯಾಹ್ನ ಕಳ್ಳರು ತಂತಿಯೊಳಗೆ ಹೊಕ್ಕು ಗಾಳಿಗಂಬಗಳ ತಡೆ ಸಡಿಲಿಸಿದರು. ರೆಕ್ಕೆಗಳು ಹುಚ್ಚೆದ್ದು ತಿರುಗತೊಡಗಿದವು. ಕಲಿಯುವವರೂ ಕಲಿಸುವವರೂ ಗುಡ್ಡ ಹತ್ತಿ, ಒಂದೊಂದು ಕಂಬವನ್ನೂ ಕೈಯಿಂದಲೇ ಆಜ್ಞೆ ಒಯ್ಯುವ ತಂತಿಯಿಂದ ಬಿಡಿಸಿ, ತಡೆ ಬಿಗಿಯಬೇಕಾಯಿತು; ದೀಪದ ತಂತಿ ಬೇರೆ. ಅದೇ ಹೊತ್ತಿಗೆ ಕಾವಲಿನವರ ದನಿಯಲ್ಲಿ ಊರಿನ ಮನೆಮನೆಗೂ ಕಳ್ಳಕರೆಗಳು ಬರುತ್ತಿದ್ದವು. ಎರಡು ಓಣಿಯಾಚೆಯವರು ಮಗ ಅಳುತ್ತಿದ್ದಾನೆಂದು ನಂಬಿ ಮನೆಯನ್ನೇ ಬರಿದು ಮಾಡಿಕೊಂಡರು.

ನಮ್ಮ ಗೂಟದ ಕಿವಿಯೂ ಕರೆಯಿತು. ಎತ್ತಿದೆ. ಗಾಳಿಯ ಸದ್ದಿನ ನಡುವೆ ದನಿ ಬಂತು: “ಆಯಿ, ನಾ ಕಸ್ತೂರಿ. ಜ್ವಾಳ ಸಣ್ಣಗ ಬೀಸಿಟ್ಟಿ ಏನು?”

ಜೋಳದ ಮಾತು ಅವತ್ತು ಇಡೀ ಓಣಿ ಕೇಳಿದ್ದು. ಅದು ಗುರುತಲ್ಲ. ಗುರುತುಮಾತು ಹೇಳು ಎಂದೆ.

ಗಾಳಿಯೊಳಗೇ ಸಣ್ಣಗೆ ನಕ್ಕ ಸದ್ದು. “ನನ್ನ ಕಡೆ ಎಲ್ಲೈತಿ ಆಯಿ? ನೀ ಇಡು. ಇಟ್ಟುಬಿಡು.”

ಇಟ್ಟೆ. ಕೈ ಇನ್ನೂ ಗೂಟದ ಮೇಲೆ ಇರುವಾಗಲೇ ತಿಳಿಯಿತು, ಅದು ಕಸ್ತೂರಿಯೇ ಎಂದು.

ಸಂಜೆ ಕಾವಲುಮನೆಯವರು ನಡೆದು ಬಂದರು. ಅವಳು ತನ್ನ ಸಾಲಿನ ಕಂಬಗಳನ್ನೆಲ್ಲ ಬಿಡಿಸಿದ್ದಳಂತೆ. ಕೊನೆಯ ಕಂಬದ ರೆಕ್ಕೆ ಮುರಿದು ಅವಳ ಮೇಲೆ ಬಿದ್ದಿತ್ತು. ಸುದ್ದಿ ತಂದವರಿಗೆ ನೀರು ಕೊಟ್ಟೆ.

ಕರೆ ಬಂದದ್ದನ್ನು ಶಿವಲೀಲಾಗೆ ನಾನೇ ಹೇಳಿದೆ, ಮುಚ್ಚಿಡಲಿಲ್ಲ. ಅವಳು ಕೇಳಿದ್ದು ಒಂದೇ ಮಾತು: “ಆಕಿನ ಅಂತ ತಿಳದ ಮ್ಯಾಲ ಮತ್ತ ಎತ್ತಿದ್ರೇನು?” ಇಲ್ಲ ಎಂದೆ. ಅಂದಿನಿಂದ ಅವಳು ನನ್ನೊಡನೆ ಮಾತಾಡಲಿಲ್ಲ, ಬೀಸುಕಲ್ಲನ್ನೂ ಮುಟ್ಟಲಿಲ್ಲ. ನಾನು ನಿಯಮ ಪಾಲಿಸಿದೆ. ಮೊಮ್ಮಗಳು ಕಲಿಸಿದ್ದನ್ನು ಮೊಮ್ಮಗಳ ಮುಂದೆಯೇ ನಡೆಸಿ ತೋರಿಸಿದೆ. ಅವಳು ನಕ್ಕದ್ದು ಅದಕ್ಕೇ ಎಂದು ನನಗೆ ಗೊತ್ತು. ಗೊತ್ತಿದ್ದರೆ ಎದೆ ಹಗುರಾಗುತ್ತದೆ ಎಂದು ನಿಮಗೆ ಯಾರಾದರೂ ಹೇಳಿದರೆ ನಂಬಬೇಡಿ.

ಶ್ರಾವಣದಲ್ಲಿ ಕಾವಲುಮನೆಯವರು ಅವಳ ಪದವಿಯ ಪತ್ರ ತಂದುಕೊಟ್ಟರು. ಪಾಠದ ಹೊತ್ತಿನಲ್ಲಿ ತುಂಬಿಟ್ಟ ಅವಳ ದನಿ ತಮ್ಮಲ್ಲಿದೆ, ಬೇಕೆಂದಾಗ ಬಂದು ಕೇಳಬಹುದು ಎಂದರು. ದನಿ ನಂಬುವ ಮನೆ ನಮ್ಮದಲ್ಲ ಎಂದು ಹೇಳಿ ಕಳಿಸಿದೆ. ಅವರು ಓಣಿ ದಾಟುವವರೆಗೂ ಬಾಗಿಲಲ್ಲೇ ನಿಂತಿದ್ದೆ.

ಈಗ ನಿಮ್ಮ ಸಹಿಯ ವಿಷಯ. ಸೊಸೆಯ ಬೇಡಿಕೆಯನ್ನು ಇದ್ದದ್ದು ಇದ್ದಂತೆ ಬರೆದಿದ್ದೇನೆ. ತಾಯಿಯ ಮಾತು ಅದು, ತಳ್ಳಿಹಾಕುವಂಥದ್ದಲ್ಲ. ನೀವು ಸಹಿ ಮಾಡದಿದ್ದರೆ ಕಸ್ತೂರಿ ಗುಡ್ಡ ಹತ್ತುತ್ತಿರಲಿಲ್ಲ. ಆದರೆ ಆ ಮಧ್ಯಾಹ್ನ ಗದಗಿನ ದೊಡ್ಡಾಸ್ಪತ್ರೆಯ ದೀಪ ಆರಲಿಲ್ಲ. ಅಲ್ಲಿ ಅಂದು ಹುಟ್ಟಿದ ಕೂಸುಗಳನ್ನು ಅವರವರ ತಾಯಂದಿರು ಎತ್ತಿಕೊಂಡು ಬಂದು ನಮ್ಮ ಬೇವಿನ ಕೆಳಗೆ ನಿಂತು ಹೋದರು. ಶಿವಲೀಲಾ ಒಂದು ಕೂಸನ್ನು ಎತ್ತಿಕೊಂಡು ಬಹಳ ಹೊತ್ತು ಕೊಡಲಿಲ್ಲ.

ಸಹಿ ಮಾಡಿರಿ. ಜೋಳದ ಡಬ್ಬಿ ಎತ್ತಿ, ಕಾಗದ ತೆಗೆದು, ಮೈದುನನ ಎದುರಿಗೇ ಸಹಿ ಮಾಡಿರಿ.

ನಿಮ್ಮಲ್ಲಿ ಒಂದೇ ಕೇಳಿಕೆ. ನಿಮ್ಮ ಕಾಲದಲ್ಲಿ ದನಿಗೆ ಇನ್ನೂ ಬೆಲೆಯಿದೆ, ನಮ್ಮ ಕಟ್ಟಳೆಗಳು ಇನ್ನೂ ಹುಟ್ಟಿಲ್ಲ. ವಿದ್ಯಾಶ್ರೀ ಕೆಲಸದ ನಡುವೆ ನಿಮಗೆ ಫೋನು ಮಾಡುತ್ತಾಳೆ. ಊಟ ಆಯಿತೇ ಎಂದು ಕೇಳುತ್ತಾಳೆ, ಕ್ಲಾಸಿದೆ, ಇಡವ್ವಾ ಎನ್ನುತ್ತಾಳೆ. ಆಗ ನೀವು ತಕ್ಷಣ ಇಡಬೇಡಿ. ಏನೂ ಮಾತಾಡಬೇಕಾಗಿಲ್ಲ. ಆ ಕಡೆ ಅವಳು ಉಸಿರಾಡುವುದು ಕೇಳುವಷ್ಟು ಹೊತ್ತು ಹಿಡಿದುಕೊಂಡಿರಿ, ಅವಳು ಬೈದರೂ ಸರಿ. ಅದರಲ್ಲಿ ಸ್ವಲ್ಪ ನನ್ನ ಪಾಲಿನದೂ ಆಯಿತೆಂದುಕೊಳ್ಳುತ್ತೇನೆ.

ಎಡೆ ಹಾಕುವ ಹೊತ್ತಾಯಿತು. ಗಿಳಿಹಸಿರು ಸೀರೆ ಉಟ್ಟಿದ್ದೇನೆ. ಒಳಗೆ ಯಾರೋ ಬೀಸುಕಲ್ಲಿನ ಮೇಲಿನ ಧೂಳು ಒರೆಸುತ್ತಿರುವ ಸದ್ದು ಕೇಳುತ್ತಿದೆ. ನಾನು ಎದ್ದು ನೋಡುವುದಿಲ್ಲ.

ಚನ್ನಬಸವ್ವ